ಐದನೆಯ ಪ್ರಕಟಣೆ

ಭಾನುವಾರ ಜನ ಚರ್ಚಿಗೆ ಯಾಕೆ ಬರುತ್ತಾರೆ ಎಂದು ಯಾರಾದರೂ ಕೇಳಿದ್ದರೆ, ಕಾರ್ಯದರ್ಶಿಗಳು ಸಂಕೋಚವಿಲ್ಲದೆ ಉತ್ತರ ಕೊಡುತ್ತಿದ್ದರು: ಸ್ವಲ್ಪ ದೇವರಿಗಾಗಿ, ಸ್ವಲ್ಪ ಪ್ರಸಂಗಕ್ಕಾಗಿ, ಮಿಕ್ಕಿದ್ದೆಲ್ಲ ಪ್ರಕಟಣೆಗಾಗಿ. ಪ್ರಕಟಣೆ ಓದುವವರು ಅವರೇ ಆಗಿದ್ದರಿಂದ ಈ ವಿಷಯದಲ್ಲಿ ಅವರ ಮಾತನ್ನು ಪೂರ್ತಿ ನಂಬುವಂತಿರಲಿಲ್ಲ.

ವಾರದ ದಿನಗಳಲ್ಲಿ ಅವರು ಮಾರುಕಟ್ಟೆಯ ಮೂಲೆಯ ಸಣ್ಣ ಅಂಗಡಿಯಲ್ಲಿ ಊರಿನವರ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ತುಟಿಯ ಸಂದಿಯಲ್ಲಿ ಕಚ್ಚಿಕೊಂಡು ಕೆಲಸ ಮಾಡುವ ಅಭ್ಯಾಸ. ಹಾಗಾಗಿ ಗಿರಾಕಿಗಳೊಡನೆ ಕಣ್ಣಲ್ಲೇ ವ್ಯವಹಾರ. ಹೀಗೆ ವಾರವಿಡೀ ಬಾಯೊಳಗೇ ಉಳಿದ ಮಾತೆಲ್ಲ ಭಾನುವಾರ ಅವರು ಕರೀ ಕೋಟು ತೊಟ್ಟು ಸಭೆಯ ಮುಂದೆ ನಿಂತೊಡನೆ ಹೊರಕ್ಕೆ ಬರುತ್ತಿತ್ತು. ಕಳೆದುಹೋದ ಒಂದು ಕೊಡೆಯ ಸುದ್ದಿಯನ್ನು ಅವರು ಓದಿದರೆ, ಕೊಡೆ ಕಳೆದುಕೊಳ್ಳದವರೂ ಕರವಸ್ತ್ರ ಹುಡುಕುತ್ತಿದ್ದರು. ಹಿಂದಿನ ಬೆಂಚಿನವರು ಅವರಿಗೆ ‘ಎರಡನೇ ಗಂಟೆ’ ಎಂದು ಅಡ್ಡಹೆಸರಿಟ್ಟಿದ್ದರು. ಮೊದಲನೆಯದು ಗೋಪುರದಲ್ಲಿತ್ತು, ಅದಕ್ಕೆ ಹಗ್ಗವಿತ್ತು, ಬೇಕಾದಾಗ ನಿಲ್ಲಿಸಬಹುದಾಗಿತ್ತು.

ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಬೆಳಿಗ್ಗೆ ಶಿಶುವಿಹಾರದಲ್ಲಿ ಬೇರೆಯವರ ಮಕ್ಕಳನ್ನು, ಮಧ್ಯಾಹ್ನದಿಂದ ಮನೆಯಲ್ಲಿ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕಾರ್ಯದರ್ಶಿಗಳನ್ನೂ ನೋಡಿಕೊಳ್ಳುತ್ತ, ಒಂದು ಸಲಕ್ಕೆ ಒಂದೇ ಮಾತು ಆಡುವ ಹೆಂಗಸು. ಆ ಒಂದು ಮಾತನ್ನು ಸಾಮಾನ್ಯವಾಗಿ ಎರಡು ಸಲ ಹೇಳಬೇಕಾಗುತ್ತಿತ್ತು.

ಡಿಸೆಂಬರ್ ಶುರುವಾಗುತ್ತಿದ್ದಂತೆ ಚರ್ಚಿನ ತಾಯಂದಿರ ಸಂಘದಲ್ಲಿ ಪಾದ್ರಿಗಳಾದ ಸಭಾಪಾಲಕರ ಹೆಂಡತಿ, ಎಲ್ಲರೂ ಅಮ್ಮನವರು ಎಂದು ಕರೆಯುವವರು, ಒಂದು ಮಾತು ಹೇಳಿದರು.

“ಪ್ರತಿ ವರ್ಷ ಮಕ್ಕಳಿಗೇನು, ಗಂಡನಿಗೇನು, ನಾದಿನಿಗೇನು ಅಂತ ಪಟ್ಟಿ ಮಾಡ್ತೀರಿ. ಈ ಸಲ ಕ್ರಿಸ್‌ಮಸ್‌ಗೆ ನಿಮಗೇನು ಬೇಕು ಅಂತ ಬರೀರಿ. ನಿಮಗೆ ಅಂದ್ರೆ ನಿಮಗೇ. ಬರೆದು ಮನೆಯವರ ಕೈಗೆ ಕೊಡಿ.”

ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಮನೆಗೆ ಹೋಗಿ ಮರೆತರು. ಕಾರ್ಯದರ್ಶಿಗಳ ಹೆಂಡತಿ ಮಾತ್ರ ಮರೆಯಲಿಲ್ಲ. ಶಿಶುವಿಹಾರದ ಮಕ್ಕಳು ಮಲಗಿದ್ದ ಹೊತ್ತಿನಲ್ಲಿ ಪುಟ್ಟ ಕುರ್ಚಿಯೊಂದರಲ್ಲಿ ಮಂಡಿ ಮಡಿಸಿ ಕೂತು ಪೆನ್ಸಿಲ್ ಹಿಡಿದರು. ಮೊದಲು ತೋಚಿದ್ದು ಚಿಕ್ಕವಳಿಗೆ ಶೂ. ಅದನ್ನು ಹೊಡೆದುಹಾಕಿದರು. ಆಮೇಲೆ ತೋಚಿದ್ದು ಗಂಡನಿಗೊಂದು ಹೊಸ ಕನ್ನಡಕ. ಅದನ್ನೂ ಹೊಡೆದುಹಾಕಿದರು. ಬಹಳ ಹೊತ್ತು ಏನೂ ತೋಚಲಿಲ್ಲ. ಒಮ್ಮೆ ತೋಚಿದ ಮೇಲೆ ಪೆನ್ಸಿಲು ನಿಲ್ಲಲಿಲ್ಲ. ಕೊನೆಗೆ ಅದನ್ನೆಲ್ಲ ಒಂದು ಶುದ್ಧ ಹಾಳೆಗೆ ಇಳಿಸಿ, ಮಡಿಸಿ, ಭಾನುವಾರ ಬೆಳಿಗ್ಗೆ ಗಂಡನ ಕೋಟಿನ ಜೇಬಿನಲ್ಲಿಟ್ಟರು.

ಆಗ ಕಾರ್ಯದರ್ಶಿಗಳು ಕನ್ನಡಿಯ ಮುಂದೆ “ಪ್ರಿಯ ಸಭಿಕರೇ” ಎನ್ನುವುದನ್ನು ಮೂರು ಬಗೆಯಲ್ಲಿ ಅಭ್ಯಾಸ ಮಾಡುತ್ತಿದ್ದರು.

“ರೀ, ಜೇಬಲ್ಲಿ ಒಂದು ಚೀಟಿ ಇಟ್ಟಿದೀನಿ. ಓದಿ.”

“ಓದ್ತೀನಿ, ಓದ್ತೀನಿ,” ಎಂದರು ಅವರು, ಕನ್ನಡಿಯಲ್ಲಿದ್ದ ಮನುಷ್ಯನಿಂದ ಕಣ್ಣು ತೆಗೆಯದೆ.

ಮಾತಿಗೆ ತಪ್ಪುವವರಲ್ಲ. ಓದಿದರು.

ಚರ್ಚಿನ ಬಾಗಿಲಲ್ಲಿ ಎಂದಿನಂತೆ ಅವರಿವರು ತಮ್ಮ ತಮ್ಮ ಪ್ರಕಟಣೆಯ ಚೀಟಿಗಳನ್ನು ಕೈಗಿತ್ತರು. ಎಲ್ಲವೂ ಅದೇ ಜೇಬು ಸೇರಿದವು. ಆರಾಧನೆಯ ನಡುವೆ ಕಾರ್ಯದರ್ಶಿಗಳು ಎದ್ದು, ಕೋಟಿನ ಗುಂಡಿ ಹಾಕಿ, ಒಂದೊಂದಾಗಿ ತೆಗೆದು ಓದತೊಡಗಿದರು. ಗಾಯಕರ ಅಭ್ಯಾಸದ ದಿನ ಬದಲಾಗಿದೆ. ಯುವಕರ ಸಂಘದವರು ಕೇಕ್ ಮಾರುತ್ತಾರೆ. ಮನೆಮನೆಗೆ ಹಾಡಲು ಹೋಗುವವರು ನಾಯಿ ಇರುವ ಮನೆಗಳಲ್ಲಿ ಗೇಟಿನ ಹೊರಗಿನಿಂದಲೇ ಹಾಡಬೇಕು. ಬೆಂಚಿನ ಹೊಸ ಮೆತ್ತೆಗಳ ಮೇಲೆ ಮಕ್ಕಳು ಶೂ ಹಾಕಿಕೊಂಡು ನಿಲ್ಲಬಾರದು ಎಂದು ಖಜಾಂಚಿಗಳು ತಿಳಿಸಿದ್ದಾರೆ. ನಾಲ್ಕೂ ಚೆನ್ನಾಗಿ ಬಂದವು. ಐದನೆಯ ಹಾಳೆ ಬಿಡಿಸಿದರು. ‘ಕ್ರಿಸ್‌ಮಸ್‌ಗೆ ನನಗೆ ಬೇಕಾದದ್ದು’ ಎಂದು ಮೇಲೆ ಬರೆದಿತ್ತು.

ಹೆಂಡತಿಯ ಅಕ್ಷರ ಗುರುತು ಸಿಗಲಿಲ್ಲವೇ ಎಂದು ಓದುಗರು ಕೇಳಬಹುದು. ಮದುವೆಗೆ ಮುಂಚೆ ಆಕೆ ಬರೆದ ಕಾಗದಗಳಲ್ಲಿ ಅಕ್ಷರಗಳು ದುಂಡಗೆ, ಬಿಡುವಾಗಿ ಕೂತಿರುತ್ತಿದ್ದವು. ಈ ಅಕ್ಷರಗಳು ನಿಂತಲ್ಲಿ ನಿಲ್ಲದೆ ಓಡುತ್ತಿದ್ದವು. ನಡುವಿನ ವರ್ಷಗಳಲ್ಲಿ ಆಕೆ ಬರೆದದ್ದೆಲ್ಲ ಸಾಮಾನಿನ ಚೀಟಿ. ಅವನ್ನು ಅಂಗಡಿಗೆ ಒಯ್ಯುತ್ತಿದ್ದದ್ದು ಹೆಣ್ಣುಮಕ್ಕಳು. ಕಾರ್ಯದರ್ಶಿಗಳಿಗೆ ಹೊಳೆದದ್ದು ಒಂದೇ: ಪ್ರತಿ ವರ್ಷ ಚರ್ಚಿನಿಂದ ಬಡಮನೆಗಳಿಗೆ ಸಹಾಯ ಕೊಡುವುದುಂಟಲ್ಲ, ಇದು ಅಂಥ ಯಾವುದೋ ಮನೆಯ ಕೋರಿಕೆ. ಅವರು ದನಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ, ಅದಕ್ಕೆ ಕರುಣೆ ಬೆರೆಸಿದರು.

“ಪ್ರಿಯ ಸಭಿಕರೇ. ಕಷ್ಟದಲ್ಲಿರುವ ಒಬ್ಬ ಸಹೋದರಿಯ ಮೊರೆ. ಕೇಳೋಣ. ‘ಬೇರೆಯವರು ಮಾಡಿಕೊಟ್ಟ ಒಂದು ಲೋಟ ಟೀ. ಕೂತು ಕುಡಿಯಬೇಕು. ಬಿಸಿ ಇರುವಾಗಲೇ.’”

ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿದರು. ಕಾರ್ಯದರ್ಶಿಗಳು ಅದನ್ನು ತಮ್ಮ ದನಿಯ ಪರಿಣಾಮವೆಂದುಕೊಂಡರು.

“‘ನಾನು ಬಚ್ಚಲಲ್ಲಿರುವಾಗ ಬಾಗಿಲು ತಟ್ಟಿ, ಟವೆಲ್ ಎಲ್ಲಿದೆ ಎಂದು ಯಾರೂ ಕೇಳಬಾರದು. ಟವೆಲ್ ಇರುವ ಕಡೆಯೇ ಇರುತ್ತದೆ. ನನಗೆ ಹುಷಾರಿಲ್ಲ ಎಂದಾಗ, ಹಾಗಾದರೆ ಊಟಕ್ಕೇನು ಎಂದು ಕೇಳುವ ಮೊದಲು, ಏನಾಯ್ತು ಎಂದು ಕೇಳಬೇಕು. ಅಡುಗೆಮನೆಗೆ ಒಂದು ಫ್ಯಾನ್.’”

ಇಲ್ಲಿ ಅವರು ತಲೆ ಎತ್ತಿದರು. “ಈ ವಿಷಯದಲ್ಲಿ ನನ್ನ ಅಂಗಡಿಗೆ ಬಂದು ಕಾಣಬಹುದು. ಸಭೆಯವರಿಗೆ ಬೆಲೆಯಲ್ಲಿ ರಿಯಾಯಿತಿ ಇದೆ.”

ಹೆಂಗಸರ ಬೆಂಚುಗಳಲ್ಲಿ ಯಾರೋ ಕೆಮ್ಮಿದರು. ಕೆಮ್ಮು ಸಾಲಿನಿಂದ ಸಾಲಿಗೆ ಹರಡಿತು.

“‘ಹಬ್ಬದ ದಿನ ಎಲ್ಲರ ಜೊತೆ ಕೂತು ಊಟ ಮಾಡಬೇಕು. ಉಪ್ಪಿಗೆ, ನೀರಿಗೆ ಎಂದು ನಡುವೆ ಏಳುವಂತಿರಬಾರದು. ಬಟ್ಟೆ ಬೇಡ, ಬಟ್ಟೆ ಇದೆ. ನಾನು ಮಾತಾಡುವಾಗ ನನ್ನ ಮುಖ ನೋಡಬೇಕು.’ ಇಷ್ಟು, ಪ್ರಿಯರೇ. ಸಭೆಯವರು ಕೈಲಾದ ಸಹಾಯ ಮಾಡಬೇಕೆಂದು ಕೋರುತ್ತೇನೆ.”

ಅವರು ಕೂತರು. ಸಭಾಪಾಲಕರು ಪ್ರಸಂಗಕ್ಕೆ ಎದ್ದರು. ಆದರೆ ಆವತ್ತು ಪ್ರಸಂಗ ಯಾವ ವಿಷಯದ ಮೇಲಿತ್ತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಗಂಡಸರ ಕಡೆಯ ಬೆಂಚುಗಳಲ್ಲಿ ಪ್ರತಿಯೊಬ್ಬನೂ ಎದುರು ಸಾಲಿನಲ್ಲಿ ತನ್ನ ಹೆಂಡತಿಯನ್ನು ಹುಡುಕುತ್ತಿದ್ದ. ಪ್ರತಿಯೊಬ್ಬ ಹೆಂಡತಿಯೂ ನೇರ ಮುಂದಕ್ಕೆ ನೋಡುತ್ತಿದ್ದಳು. ಕಾರ್ಯದರ್ಶಿಗಳ ಹೆಂಡತಿಯಂತೂ ಹಾಡಿನ ಪುಸ್ತಕವನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿದಿದ್ದರೆಂದರೆ, ಪಕ್ಕದಲ್ಲಿದ್ದವರಿಗೆ ಆಕೆ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಆಕೆಗೂ ತಿಳಿದಿರಲಿಲ್ಲ.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಗಂಡಸರು ಕಾರ್ಯದರ್ಶಿಗಳನ್ನು ಸುತ್ತುವರಿದರು.

“ಆ ಚೀಟಿ ಕೊಟ್ಟೋರು ಯಾರು ಸ್ವಾಮಿ?” ಎಂದರು ಚಪ್ಪಲಿ ಅಂಗಡಿ ಇಟ್ಟಿದ್ದ ಚರ್ಚಿನ ಖಜಾಂಚಿ. ಅವರಿಗೂ ಕಾರ್ಯದರ್ಶಿಗಳಿಗೂ ಮೆತ್ತೆಯ ಬಣ್ಣದಿಂದ ಹಿಡಿದು ಎಲ್ಲದರಲ್ಲೂ ಮೊದಲಿನಿಂದಲೂ ಅಷ್ಟಕ್ಕಷ್ಟೆ.

“ಬಾಗಿಲಲ್ಲಿ ಯಾರೋ ಕೊಟ್ರು. ಎಷ್ಟು ಜನ ಕೊಡ್ತಾರೆ, ನೆನಪಿರುತ್ತಾ.”

“ನೆನಪು ಮಾಡ್ಕೊಳ್ಳಿ. ಹೊಸ ವರ್ಷಕ್ಕೆ ಸಮಿತಿ ಚುನಾವಣೆ ಇದೆ, ನಿಮ್ಮ ಜಾಗಕ್ಕೂ. ಇಲ್ಲಿರೋ ಒಬ್ಬೊಬ್ಬನೂ ಈಗ ಅಪರಾಧಿ ಥರ ನಿಂತಿದಾನೆ. ನಮ್ಮನೇದಲ್ಲ ಅಂತ ನಮಗೆ ಸಾಬೀತಾಗ್ಬೇಕು.”

“ನಮ್ಮನೇದೂ ಅಲ್ಲ,” ಎಂದ ದರ್ಜಿ, ಯಾರೂ ಕೇಳದಿದ್ದರೂ.

“ಬಚ್ಚಲ ಬಾಗಿಲು ನಾನು ತಟ್ಟೋದಿಲ್ಲ,” ಎಂದರು ಶಾಲೆಯ ಡ್ರಿಲ್ ಮಾಸ್ತರು. “ಸೀಟಿ ಊದ್ತೀನಿ.”

ಕಾರ್ಯದರ್ಶಿಗಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಇಂಥ ಗಳಿಗೆಗಾಗಿಯೇ ಅವರು ಹುಟ್ಟಿದ್ದು. “ನಾನು ಪತ್ತೆ ಮಾಡ್ತೀನಿ. ಕ್ರಿಸ್‌ಮಸ್ ಆರಾಧನೇಲಿ ಆ ಮನೆ ಯಾವುದು ಅಂತ ಹೇಳ್ತೀನಿ. ಇದುವರೆಗೆ ನಾನು ಕೈ ಹಾಕಿದ ಕೆಲಸ ಯಾವುದಾದ್ರೂ ಅರ್ಧಕ್ಕೆ ನಿಂತಿದೆಯಾ?”

ಅಂಗಡಿಯಲ್ಲಿ ಅರ್ಧಕ್ಕೆ ನಿಂತ ಮಿಕ್ಸಿಗಳ ಮಾಲೀಕರು ಕೆಲವರು ಅಲ್ಲೇ ಇದ್ದರು. ಸೌಜನ್ಯಕ್ಕೆ ಸುಮ್ಮನಿದ್ದರು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅವರಿಗೆ ಅದೇ ಗುಂಗು. ಹೆಂಡತಿ ಬಡಿಸುತ್ತ, ಗಂಡನ ಮುಖವನ್ನೇ ನೋಡುತ್ತಿದ್ದರು. ಬೇಕೆಂತಲೇ ಓದಿದರೇ, ತಿಳಿಯದೆ ಓದಿದರೇ ಎನ್ನುವುದು ಆಕೆಗೆ ಇನ್ನೂ ಬಗೆಹರಿದಿರಲಿಲ್ಲ.

“ಪಾಪ ಕಣೇ ಆ ಹೆಂಗಸು,” ಎಂದರು ಕಾರ್ಯದರ್ಶಿಗಳು, ತಟ್ಟೆ ನೋಡುತ್ತ. “ಯಾವ ಪುಣ್ಯಾತ್ಮನ ಕೈಗೆ ಸಿಕ್ಕಿದಾಳೋ. ಒಂದು ಲೋಟ ಟೀಗೆ ಗತಿ ಇಲ್ಲ ಅಂದ್ರೆ. ಸ್ವಲ್ಪ ಉಪ್ಪು.”

ಬಗೆಹರಿಯಿತು. ಆಕೆ ಎದ್ದು ಉಪ್ಪು ತಂದಿಟ್ಟರು.

ನರ್ಸಿಂಗ್ ಓದುತ್ತಿದ್ದ ದೊಡ್ಡ ಮಗಳು ಚಮಚ ಕೆಳಗಿಟ್ಟಳು. “ಅಪ್ಪಾ, ನಿಮಗೆ ನಿಜವಾಗ್ಲೂ…”

“ಊಟ ಮಾಡು,” ಎಂದರು ತಾಯಿ. ಆ ಕಣ್ಣಿನ ನೋಟಕ್ಕೆ ಮಗಳು ಮತ್ತೆ ಚಮಚ ಎತ್ತಿಕೊಂಡಳು. ಚಿಕ್ಕವಳಿಗೆ ಮಾತ್ರ ನೀರು ನೆತ್ತಿಗೇರಿತು.

ಮರುದಿನದಿಂದ ವಿಚಾರಣೆ ಶುರುವಾಯಿತು. ಕಾರ್ಯದರ್ಶಿಗಳು ಸಂಜೆ ಅಂಗಡಿ ಬೇಗ ಮುಚ್ಚಿ, ಕೋಟು ತೊಟ್ಟು, ಸಭಾಪಾಲಕರನ್ನು ಜೊತೆಗೆ ಎಳೆದುಕೊಂಡು ಮನೆಮನೆಗೆ ಹೊರಟರು. ಸಭಾಪಾಲಕರು ಮಿತಭಾಷಿ, ಅವರ ಹೆಂಡತಿ ಅವರಿಗೆ ಏನು ಹೇಳಿದ್ದರೋ, ಈ ದಿನಗಳಲ್ಲಿ ಇನ್ನಷ್ಟು ಮಿತವಾಗಿದ್ದರು.

ಮೊದಲು ದರ್ಜಿಯ ಮನೆ. ಬಾಗಿಲು ತೆರೆದದ್ದು ದರ್ಜಿಯೇ, ಕೈಯಲ್ಲಿ ಹಾಲಿನ ಪಾತ್ರೆ. ಒಳಗೆ ಅವನ ಹೆಂಡತಿ ಕುರ್ಚಿಯಲ್ಲಿ ಕಾಲು ನೀಡಿ ಕೂತು, ಆವಿಯಾಡುವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

“ಅಮ್ಮ, ಆ ಚೀಟಿ ನೀವು ಬರೆದದ್ದಾ?”

ಆಕೆ ಟೀಯನ್ನು ಒಂದು ಗುಟುಕು ಕುಡಿದು, ಗಂಡನ ಕಡೆ ನೋಡಿ, ಇನ್ನೊಂದು ಗುಟುಕು ಕುಡಿದಳು. “ಯಾಕೆ ಬರೆದಿರ್ಬಾರ್ದು?”

ದರ್ಜಿ ಕಾರ್ಯದರ್ಶಿಗಳನ್ನು ಬಾಗಿಲ ಹೊರಗೆ ಕರೆದೊಯ್ದ. “ಸಾರ್, ಇವಳೇ ಅಂತ ಆದ್ರೆ ದಯವಿಟ್ಟು ಹೆಸರು ಹೇಳ್ಬೇಡಿ. ಈಗಾಗ್ಲೇ ಟೀ ಮಾಡ್ತಿದೀನಿ. ಟವೆಲ್ ಎಲ್ಲಿರುತ್ತೆ ಅನ್ನೋದೂ ಕಲ್ತೆ. ಬಾಗಿಲ ಹಿಂದೆ ಇರುತ್ತೆ ಸಾರ್. ಇಷ್ಟು ವರ್ಷವೂ ಅಲ್ಲೇ ಇತ್ತಂತೆ.”

ಡ್ರಿಲ್ ಮಾಸ್ತರ ಮನೆಯಲ್ಲಿ ಮಾಸ್ತರು ನೆಲ ಒರೆಸುತ್ತಿದ್ದರು. ಅವರ ಹೆಂಡತಿ “ನಾನೇ ಬರೆದದ್ದು” ಎಂದರು. ಮಾಸ್ತರು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಎದ್ದು ನಿಂತು, ತಪ್ಪು ಒಪ್ಪಿಕೊಳ್ಳುವ ವಿದ್ಯಾರ್ಥಿಯಂತೆ ತಲೆ ತಗ್ಗಿಸಿದರು. ಕಾರ್ಯದರ್ಶಿಗಳಿಗೆ ವಿಚಾರಣೆ ಮುಗಿದೇಹೋಯಿತಲ್ಲ ಎಂದು ಸ್ವಲ್ಪ ಬೇಸರವೂ ಆಯಿತು. ಆದರೆ ಪಕ್ಕದ ಬೀದಿಯ ಬಸ್ ಡ್ರೈವರನ ಹೆಂಡತಿಯೂ “ನಾನೇ” ಎಂದಳು. ಅವಳ ಎದುರು ಮನೆಯ ಮುದುಕಿ, ಗಂಡ ತೀರಿಹೋಗಿ ಎಷ್ಟೋ ವರ್ಷವಾದವರು, “ನಾನೇ ಕಣಪ್ಪ, ಆಗಲೇ ಬರೀಬೇಕಾಗಿತ್ತು, ತಡವಾಯ್ತು,” ಎಂದರು.

ಖಜಾಂಚಿಯ ಮನೆಯಲ್ಲಿ ಖಜಾಂಚಿ ಸ್ಟೂಲಿನ ಮೇಲೆ ನಿಂತು ಜೇಡರಬಲೆ ತೆಗೆಯುತ್ತಿದ್ದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರಿಂದ ಬಂದವರಿಗೆ ಮೊದಲು ಗುರುತೇ ಸಿಗಲಿಲ್ಲ. ಅವರ ಹೆಂಡತಿ ಪೇಪರ್ ಓದುತ್ತ ಕೂತಿದ್ದರು.

“ಬರ್ಕೊಳ್ಳಿ,” ಎಂದರು ಆಕೆ ಪುಟ ತಿರುವುತ್ತ. “ಚೀಟಿ ನನ್ನದು. ಸ್ಟೂಲ್ ಇನ್ನೂ ಸ್ವಲ್ಪ ಎಡಕ್ಕೆ ಸರಿಸ್ಕೊಳ್ಳಿ ರೀ, ಮೂಲೇಲಿ ಉಳೀತು.”

ಹೀಗೆ ವಾರ ಕಳೆಯುವುದರೊಳಗೆ ವಿಚಾರಣೆ ವಿಚಿತ್ರ ಸ್ಥಿತಿಗೆ ಬಂದು ನಿಂತಿತು. ಚೀಟಿ ಬರೆದವರು ಸಿಗಲಿಲ್ಲ ಎಂಬುದಲ್ಲ ತೊಂದರೆ. ಸಿಕ್ಕಾಪಟ್ಟೆ ಸಿಕ್ಕಿದ್ದರು. ಒಬ್ಬ ಹೆಂಗಸೂ ಅಲ್ಲ ಎನ್ನಲಿಲ್ಲ. ಒಬ್ಬ ಗಂಡಸೂ ಹೌದು ಎನ್ನಲಿಲ್ಲ. ಆದರೆ ಒಬ್ಬೊಬ್ಬನೂ ಯಾರಿಗೂ ಕಾಣದಂತೆ ಪಾತ್ರೆ ತೊಳೆಯುತ್ತಿದ್ದ. ಮಾರುಕಟ್ಟೆಯಲ್ಲಿ ಎದುರಾದಾಗ ಕೈ ಕುಲುಕಿದರೆ ಎಲ್ಲರ ಕೈಯಲ್ಲೂ ಒಂದೇ ಸೋಪಿನ ವಾಸನೆ.

ವಾಸನೆ ಇಲ್ಲದ ಕೈ ಎಂದರೆ ಕಾರ್ಯದರ್ಶಿಗಳದೊಂದೇ. ಅವರಿಗೆ ಬಿಡುವೆಲ್ಲಿತ್ತು?

ಕೊನೆಯ ಉಪಾಯವಾಗಿ ಅವರು ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ, ಹಾಡಿನ ಪುಸ್ತಕದ ಕಪಾಟುಗಳ ನಡುವೆ, ಒಂದು ಮೇಜು ಹಾಕಿಸಿಕೊಂಡು ಕೂತರು. ನೊಂದ ಸಹೋದರಿ ಗುಟ್ಟಾಗಿ ಬಂದು ನಿಜ ಹೇಳಬಹುದು, ಎಂದು ಪ್ರಕಟಣೆ ಹೊರಟಿತು. ಸಭಾಪಾಲಕರು ಕಿಟಕಿಯ ಬಳಿ ಕೂತರು. ಮಧ್ಯಾಹ್ನವೆಲ್ಲ ಒಬ್ಬರಾದ ಮೇಲೊಬ್ಬರು ಸಹೋದರಿಯರು ಬಂದು ನಾವೇ ಬರೆದದ್ದು ಎಂದು ಹೇಳಿ ಹೋದರು. ಕೆಲವರು ಗುಟ್ಟಾಗಿ ಜೊತೆಜೊತೆಯಲ್ಲೇ ಬಂದಿದ್ದರು. ಕಾರ್ಯದರ್ಶಿಗಳ ಬೆರಳು ಬರೆದು ಬರೆದು ಸೆಟೆದುಕೊಂಡಿದ್ದವು. ಖಜಾಂಚಿಯ ಹೆಂಡತಿಯ ಹೇಳಿಕೆಯನ್ನು ಇನ್ನೂ ಬರೆದು ಮುಗಿಸುತ್ತಿದ್ದಾಗ ಮತ್ತೆ ಬಾಗಿಲು ಸದ್ದಾಯಿತು.

“ಬನ್ನಿ ಅಮ್ಮ, ಕೂತ್ಕೊಳ್ಳಿ,” ಎಂದರು, ತಲೆ ಎತ್ತದೆ. “ಭಯ ಬೇಡ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ.”

ಕುರ್ಚಿ ಸರಿದ ಸದ್ದು. ಕಿಟಕಿಯ ಬಳಿಯಿದ್ದ ಸಭಾಪಾಲಕರು ಬಂದವರನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಮುಖ ತಿರುಗಿಸಿ ಹೊರಗಿನ ಮರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

“ಆ ಚೀಟಿ ಬರೆದದ್ದು ನಾನು.”

ಆ ದನಿ ಕಾರ್ಯದರ್ಶಿಗಳ ಕಿವಿಗೆ ಹೊಸದಲ್ಲ. ಅದೇ ಕಾರಣಕ್ಕೆ ಅವರ ಕಿವಿ ಅದನ್ನು ಒಳಕ್ಕೆ ಬಿಟ್ಟುಕೊಳ್ಳಲಿಲ್ಲ. ದಿನವೂ ಆ ದನಿ ಬಂದಾಗ ಬೇರೆ ಏನನ್ನೋ ನೋಡುತ್ತ ಹೂಂ ಎನ್ನುವುದು ಅವರಿಗೆ ರೂಢಿಯಾಗಿತ್ತು.

“ಹೂಂ. ಎಲ್ಲರೂ ಅದನ್ನೇ ಹೇಳ್ತಾರೆ. ಇರ್ಲಿ. ಅದನ್ನ ಗಂಡನಿಗೆ ಕೊಟ್ಟಿದ್ರಾ?”

“ಕೊಟ್ಟಿದ್ದೆ. ಓದಿ ಅಂತಾನೂ ಹೇಳಿದ್ದೆ.”

“ಓದಿದ್ರಾ?”

“ಓದಿದ್ರು.”

“ಓದಿ ಏನಂದ್ರು?”

“ಸಭೆಯವರು ಕೈಲಾದ ಸಹಾಯ ಮಾಡ್ಬೇಕು ಅಂದ್ರು.”

ಕಾರ್ಯದರ್ಶಿಗಳು ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡುತ್ತ ಬರೆದುಕೊಂಡರು. “ನೋಡಿದ್ರಾ ಅಯ್ಯನವರೇ, ಎಂಥ ಮನುಷ್ಯ. ತನ್ನ ಹೆಂಡತಿಗೆ ಒಂದು ಲೋಟ ಟೀ ಮಾಡಿಕೊಡೋಕೆ ಇಡೀ ಸಭೆ ಬೇಕಂತೆ. ನಾಚಿಕೆ ಇಲ್ವಾ? ಹೇಗೆ ಬಾಳ್ತಿದೀರಮ್ಮ ಇಂಥವನ ಜೊತೆ.”

“ಒಳ್ಳೆಯವರೇ. ಕೆಟ್ಟೋರಲ್ಲ.”

“ಪಾಪ, ಬಿಟ್ಟುಕೊಡೋದಿಲ್ಲ ನೀವು. ಇರ್ಲಿ. ಕುಡೀತಾರಾ?”

“ಟೀ. ಯಾರಾದ್ರೂ ಮಾಡಿಕೊಟ್ರೆ.”

“ಏನು ಕೆಲಸ?”

“ರಿಪೇರಿ.”

“ಏನು ರಿಪೇರಿ?”

“ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ. ಊರಿನವರದ್ದು.”

“ಮತ್ತೆ ಚೀಟೀಲಿ ಅಡುಗೆಮನೆಗೆ ಫ್ಯಾನ್ ಬೇಕು ಅಂತ ಇದೆ?”

“ಇದೆ. ಅದಕ್ಕೆ ಅಂಗಡಿಗೆ ಬಂದು ಕಾಣ್ಬೇಕಂತೆ. ರಿಯಾಯಿತಿ ಕೊಡ್ತಾರಂತೆ.”

ಪೆನ್ನನ್ನು ಮೇಜಿನ ಮೇಲೆ ಕುಟ್ಟಿದರು ಕಾರ್ಯದರ್ಶಿಗಳು. ಕಸುಬಿನ ಮರ್ಯಾದೆಯ ಪ್ರಶ್ನೆ ಬಂದಾಗ ಅವರು ಸುಮ್ಮನಿರುವವರಲ್ಲ. “ಇಂಥವರಿಂದಾನೇ ನಮ್ಮ ಕಸುಬಿಗೆ ಕೆಟ್ಟ ಹೆಸರು. ಯಾರಿರ್ಬಹುದು? ಈ ಊರಲ್ಲಿ ರಿಪೇರಿ ಅಂಗಡಿ ಇರೋದೇ ಎರಡು. ಬಸ್ ನಿಲ್ದಾಣದ ಹತ್ತಿರ ಇರೋನಿಗೆ ಮದುವೆ ಆಗಿಲ್ಲ. ಇನ್ನೊಂದು ನಂದು. ಅಂದ್ಮೇಲೆ…”

ಅಂದ್ಮೇಲೆ ಎನ್ನುವುದು ಗಾಳಿಯಲ್ಲೇ ನಿಂತಿತು. ಕಾರ್ಯದರ್ಶಿಗಳು ನಿಧಾನವಾಗಿ ತಲೆ ಎತ್ತಿದರು. ಮೊದಲು ಮೇಜಿನಂಚಿನಲ್ಲಿ ಮಡಿಸಿಟ್ಟ ಎರಡು ಕೈಗಳು ಕಂಡವು. ಒಂದರ ಹೆಬ್ಬೆರಳಿನ ಬಳಿ ಹಳೆಯದೊಂದು ಸುಟ್ಟ ಕಲೆ. ಆಮೇಲೆ ಮುಖ ಕಂಡಿತು.

ಸಭಾಪಾಲಕರು ಎದ್ದು, ಮರವನ್ನು ಹತ್ತಿರದಿಂದ ನೋಡಿಬರುವವರಂತೆ ಹೊರಗೆ ಹೋದರು.

“ನೀನಾ?” ಎಂದರು ಕಾರ್ಯದರ್ಶಿಗಳು. ಮದುವೆಯಾದಂದಿನಿಂದ ಹೆಂಡತಿಯನ್ನು ಅವರು ‘ನೀವು’ ಎಂದದ್ದು ಆವತ್ತೊಂದೇ ದಿನ. ಅದೂ ಗುರುತು ಸಿಗುವ ತನಕ ಮಾತ್ರ.

“ಹೂಂ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳ್ದೆ. ಬರೆದೂ ಕೊಟ್ಟೆ. ನೀವು ಓದಿದ್ರಿ. ಗಟ್ಟಿಯಾಗೇ ಓದಿದ್ರಿ.”

ಕಾರ್ಯದರ್ಶಿಗಳಿಗೆ ಬಾಯಲ್ಲಿ ಸ್ಕ್ರೂ ಇಲ್ಲದಿದ್ದರೂ ಮಾತು ಹೊರಡಲಿಲ್ಲ. ಅವರು ಹೆಂಡತಿಯನ್ನು ನೋಡುತ್ತಲೇ ಇದ್ದರು. ಕಣ್ಣಿನ ಕೆಳಗೆ ಈ ಗೆರೆಗಳು ಯಾವಾಗ ಬಂದವು? ಕೂದಲನ್ನು ಹೀಗೆ ಪಕ್ಕಕ್ಕೆ ಬಾಚಲು ಶುರುಮಾಡಿ ಎಷ್ಟು ದಿನವಾಯಿತು? ಕೇಳಲು ನಾಚಿಕೆಯಾಯಿತು. ಬಹಳ ವರ್ಷವಾಯಿತು ಎಂದುಬಿಟ್ಟರೆ?

“ಸಿಟ್ಟು ಬಂದಿತ್ತಾ?” ಎಂದರು ಕೊನೆಗೆ.

“ಮೊದಲು ಬಂದಿತ್ತು. ಆಮೇಲೆ ನೀವು ಕೋಟು ಹಾಕ್ಕೊಂಡು ನನ್ನ ಗಂಡನ್ನ ಹುಡುಕೋಕೆ ಹೊರಟ್ರಲ್ಲ, ಆವಾಗ ಕಷ್ಟ ಆಯ್ತು. ನಗು ತಡೀಲಿಕ್ಕೆ.”

ಕಾರ್ಯದರ್ಶಿಗಳು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. “ಕ್ರಿಸ್‌ಮಸ್ ದಿನ ಎಲ್ಲರೆದುರಿಗೂ ಒಪ್ಕೋತೀನಿ. ‘ಪ್ರಿಯ ಸಭಿಕರೇ, ನೀವು ಹುಡುಕುತ್ತಿರುವ ಆ ಪಾಪಿ ಬೇರೆಲ್ಲೂ ಇಲ್ಲ, ಇದೋ ನಿಮ್ಮ ಮುಂದೆಯೇ…’”

ಆ ‘ಇದೋ’ ಬಹಳ ಚೆನ್ನಾಗಿ ಬಂದಿತ್ತು. ಅವರ ಕಣ್ಣಲ್ಲಿ ಆಗಲೇ ಪಶ್ಚಾತ್ತಾಪದ ಜೊತೆಗೆ, ಅದನ್ನು ಯಾವ ದನಿಯಲ್ಲಿ ಹೇಳಬೇಕೆಂಬ ಲೆಕ್ಕವೂ ಮಿಂಚುತ್ತಿತ್ತು. ಹೆಂಡತಿ ಅದನ್ನು ಕಂಡು ನಿಟ್ಟುಸಿರಿಟ್ಟರು.

“ಇದನ್ನೂ ಪ್ರಕಟಣೆ ಮಾಡ್ತೀರಾ?”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಮ್ಮನವರ ಹಿಂದೆ ತಾಯಂದಿರ ಸಂಘವೇ ಒಳಗೆ ಬಂದಿತು. ಸಣ್ಣ ಕೋಣೆ ತುಂಬಿಹೋಯಿತು. ಅವರೆಲ್ಲ ಬಾಗಿಲ ಹೊರಗೇ ನಿಂತಿದ್ದರು ಎನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು.

“ಹೆಸರು ಹೇಳೋ ಹಾಗಿಲ್ಲ,” ಎಂದರು ಖಜಾಂಚಿಯ ಹೆಂಡತಿ.

“ನಿಮಗೆಲ್ಲ ಗೊತ್ತಾ?” ಕಾರ್ಯದರ್ಶಿಗಳು ತೊದಲಿದರು.

“ಫ್ಯಾನ್ ಅಂದ ಕೂಡ್ಲೇ ಗೊತ್ತಾಯ್ತು. ಅಂಗಡಿಗೆ ಬನ್ನಿ ಅಂದ್ರಲ್ಲ, ಆವಾಗ ಗಟ್ಟಿಯಾಯ್ತು. ಈಗ ನೀವು ಎದ್ದು ನಿಂತು ನಮ್ಮನೇದು ಅಂದ್ಬಿಟ್ರೆ ನಮ್ಮ ಗತಿ ಏನು? ನಮ್ಮನೆಯವರು ಸ್ಟೂಲ್ ಹತ್ತೋದು ಈಗ ತಾನೇ ಕಲ್ತಿದಾರೆ. ನಮ್ಮದಲ್ಲವಂತೆ ಅಂತ ಗೊತ್ತಾದ್ರೆ ಇಳಿದುಬಿಡ್ತಾರೆ.”

“ನಮ್ಮನೆಯವರು ಟೀಗೆ ಸಕ್ಕರೆ ಹಾಕೋ ಹದಕ್ಕೆ ಬಂದಿದಾರೆ,” ಎಂದಳು ದರ್ಜಿಯ ಹೆಂಡತಿ ಕಳಕಳಿಯಿಂದ.

“ಆದ್ರೆ ನಾನು ಮಾತು ಕೊಟ್ಟಿದೀನಲ್ಲ,” ಎಂದರು ಕಾರ್ಯದರ್ಶಿಗಳು. “ಆ ಮನೆ ಯಾವುದು ಅಂತ ಹೇಳ್ತೀನಿ ಅಂತ. ಚುನಾವಣೆ ಬೇರೆ ಇದೆ.”

ಎಲ್ಲರೂ ಅವರ ಹೆಂಡತಿಯ ಕಡೆ ನೋಡಿದರು. ಚೀಟಿ ಆಕೆಯದು, ತೀರ್ಮಾನವೂ ಆಕೆಯದೇ ಆಗಬೇಕು ಎಂಬುದು ಯಾರೂ ಹೇಳದೆಯೇ ಇತ್ಯರ್ಥವಾಗಿತ್ತು. ಆಕೆ ಸ್ವಲ್ಪ ಯೋಚಿಸಿ ಹೇಳಿದರು:

“ನನ್ನ ಕೈಲಿ ಆಗ್ಲಿಲ್ಲ ಅಂತ ಹೇಳಿ.”

“ನನ್ನ ಕೈಲಿ,” ಎಂದರು ಕಾರ್ಯದರ್ಶಿಗಳು, “ಆಗ್ಲಿಲ್ಲ ಅಂತಾನಾ?”

“ಹೂಂ.”

ಪಾಪಿ ಎಂದು ಕರೆದುಕೊಳ್ಳಲು ಸಿದ್ಧವಾಗಿದ್ದ ಮನುಷ್ಯ ಈ ಮಾತಿಗೆ ಬೆವೆತರು. ಪಾಪಿಯಾಗುವುದರಲ್ಲಿ ಒಂದು ಗಾಂಭೀರ್ಯವಿದೆ. ಕೈಲಾಗದವನಾಗುವುದರಲ್ಲಿ ಏನಿದೆ?

ಕ್ರಿಸ್‌ಮಸ್ ಬೆಳಿಗ್ಗೆ ಚರ್ಚು ಕಿಕ್ಕಿರಿದಿತ್ತು. ನಕ್ಷತ್ರಗಳೂ ಬಣ್ಣದ ಕಾಗದದ ಮಾಲೆಗಳೂ ತೂಗುತ್ತಿದ್ದವು. ಗಂಡಸರ ಕಡೆ ಯಾರೂ ಅವುಗಳನ್ನು ನೋಡುತ್ತಿರಲಿಲ್ಲ. ಕಾರ್ಯದರ್ಶಿಗಳು ಎದ್ದರು. ಕೈಯಲ್ಲಿ ಚೀಟಿ ಇರಲಿಲ್ಲ.

“ಚೀಟಿ ಬರೆದವರು ಯಾರೆಂದು ಹುಡುಕಿದೆ. ನನ್ನ ಕೈಲಿ ಆಗಲಿಲ್ಲ.”

ಅಷ್ಟೇ. ಅವರ ಬದುಕಿನಲ್ಲೇ ಅತಿ ಚಿಕ್ಕ ಪ್ರಕಟಣೆ. ಮೈಕು ಕೂಡ ಇನ್ನೂ ಏನೋ ಬರಲಿದೆಯೆಂದು ಗುಂಯ್‌ಗುಡುತ್ತ ಕಾಯಿತು.

ಖಜಾಂಚಿ ಎದ್ದು ನಿಂತರು. “ಅಂದ್ರೆ ಅದು ಯಾರ ಮನೇದು ಬೇಕಾದ್ರೂ ಆಗಿರ್ಬಹುದು ಅಂತಾನಾ?”

“ಯಾರ ಮನೇದು ಬೇಕಾದ್ರೂ.”

“ಇಷ್ಟು ದಿನ ಕೋಟು ಹಾಕ್ಕೊಂಡು ಓಡಾಡಿದ್ದು ಸುಮ್ನೆನಾ ಹಾಗಾದ್ರೆ?”

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಕಾರ್ಯದರ್ಶಿಗಳ ಕಿವಿ ಕೆಂಪಾದವು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ದನಿಯೂ ಸಿದ್ಧವಾಗಿತ್ತು. ಅವರು ಒಮ್ಮೆ ಹೆಂಗಸರ ಬೆಂಚುಗಳ ಕಡೆ ನೋಡಿದರು. ಆಕೆ ಅವರನ್ನೇ ನೋಡುತ್ತಿದ್ದರು.

“ಸುಮ್ನೆ,” ಎಂದು ಹೇಳಿ ಕಾರ್ಯದರ್ಶಿಗಳು ಕೂತುಬಿಟ್ಟರು.

ಗಂಡಸರ ಸಾಲಿನಿಂದ ಒಂದು ದೀರ್ಘ ನಿಟ್ಟುಸಿರು ಹೊರಟಿತು. ಹೆಂಗಸರ ಸಾಲುಗಳು ಆವತ್ತು ಹಾಡಿದಷ್ಟು ಉತ್ಸಾಹದಿಂದ ಹಿಂದೆಂದೂ ಹಾಡಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕಾರ್ಯದರ್ಶಿಗಳ ಅಕ್ಕ ಮತ್ತು ಭಾವ ಪಕ್ಕದ ಊರಿನಿಂದ ಬಂದರು. ಬಂದವರಿಗೆ ಮೊದಲು ಸಿಕ್ಕಿದ್ದು ಸುಟ್ಟ ವಾಸನೆ. ಅಡುಗೆಮನೆಯಲ್ಲಿ ಕಾರ್ಯದರ್ಶಿಗಳು ಹಿಂದಿನ ದಿನವೇ ಗೋಡೆಗೊಂದು ಫ್ಯಾನ್ ಹಾಕಿದ್ದರು. ಬಹಳ ಒಳ್ಳೆಯ ಫ್ಯಾನ್. ಗಾಳಿ ನೇರ ಒಲೆಗೆ ಬಡಿದು, ಉರಿ ಪಾತ್ರೆಯನ್ನು ಬಿಟ್ಟು ಪಕ್ಕದಲ್ಲಿದ್ದ ಒರೆಸುವ ಬಟ್ಟೆಯ ಕಡೆ ಬಾಗುತ್ತಿತ್ತು. ಇಬ್ಬರು ಮಕ್ಕಳೂ ತಂದೆಯೂ ಸೇರಿ ಫ್ಯಾನ್ ಹಾಕುವುದು, ಆರಿಸುವುದು, ಒಲೆ ಹಚ್ಚುವುದು ಮಾಡುತ್ತ, ಕೋಳಿಯನ್ನು ಹೇಗೋ ಒಂದು ದಡ ಸೇರಿಸಿದ್ದರು. ಅವರ ಹೆಂಡತಿ ಹೊರಕೋಣೆಯಲ್ಲಿ ಕೂತಿದ್ದರು. ಕೂತೇ ಇದ್ದರು.

ಅಕ್ಕ ಗಾಬರಿಯಾದರು. “ಏನಮ್ಮ, ಹುಷಾರಿಲ್ವಾ ನಿಂಗೆ?”

“ಚೆನ್ನಾಗಿದೀನಿ ಅತ್ತಿಗೆ. ಬನ್ನಿ, ಕೂತ್ಕೊಳ್ಳಿ.”

“ಮತ್ತೆ ಒಳಗೆ ನನ್ನ ತಮ್ಮ ಏನು ಮಾಡ್ತಿದಾನೆ?”

“ನನಗೂ ಸರಿಯಾಗಿ ಗೊತ್ತಿಲ್ಲ. ತಂದಾಗ ನೋಡೋಣ.”

ತಂದರು. ಎಲ್ಲರೂ ಮೇಜಿನ ಸುತ್ತ ಕೂತರು. ಕೋಳಿಗೆ ಉಪ್ಪು ಬಿದ್ದಿರಲೇ ಇಲ್ಲ. ಅಕ್ಕ ಅಭ್ಯಾಸದಂತೆ ಕುರ್ಚಿ ಹಿಂದಕ್ಕೆ ತಳ್ಳಿ ಏಳಹೋದರು. ತಮ್ಮನ ಹೆಂಡತಿ ಅವರ ಕೈ ಮೆಲ್ಲಗೆ ಒತ್ತಿ ಕೂರಿಸಿದರು. ಅಷ್ಟರಲ್ಲಿ ಕಾರ್ಯದರ್ಶಿಗಳೇ ಎದ್ದು ಒಳಗೆ ಓಡಿ, ಉಪ್ಪಿನ ಡಬ್ಬಿ ಯಾವುದೆಂದು ಕೇಳಲು ಬಾಗಿಲ ತನಕ ಬಂದು, ಕೇಳದೆ ಹಿಂದೆ ಹೋಗಿ, ಎಲ್ಲ ಡಬ್ಬಿಗಳಿಂದಲೂ ಚಿಟಿಕೆ ತೆಗೆದು ನೆಕ್ಕಿ ನೋಡಿ, ತಂದಿಟ್ಟರು.

ಊಟವಾದ ಮೇಲೆ ಅವರು ತಟ್ಟೆಗಳನ್ನು ಒಟ್ಟುಗೂಡಿಸಿ ತೊಳೆಯಲು ನಿಂತಾಗ ಭಾವ ಹಿಂದಿನಿಂದ ಮೆಲ್ಲಗೆ ಒಳಬಂದು, ಬಾಗಿಲು ಅರ್ಧ ಮುಚ್ಚಿದರು. ಅಂಗಿಯ ತೋಳು ಮಡಚಿಕೊಂಡು ಪಕ್ಕದಲ್ಲಿ ನಿಂತು, ಅಭ್ಯಾಸವಾದ ಕೈಯಿಂದ ಒಂದು ಲೋಟ ಎತ್ತಿಕೊಂಡು ಉಜ್ಜಿದರು.

“ನಿಮ್ಮ ಚರ್ಚಲ್ಲಿ ಓದಿದ ಚೀಟಿ ನಮ್ಮ ಊರಿಗೂ ಬಂದಿದೆ ಮಾರಾಯ,” ಎಂದರು ದನಿ ತಗ್ಗಿಸಿ. “ಹೆಂಗಸರೆಲ್ಲ ನಕಲು ಮಾಡಿ ಇಟ್ಕೊಂಡಿದಾರೆ. ನಿನ್ನ ಅಕ್ಕನೇ ಹೇಳಿ ಬರೆಸಿದಾಳೇನೋ ಅಂತ ನಂಗೆ ನಿದ್ದೆ ಇಲ್ಲ. ನೀನೇ ವಿಚಾರಣೆ ಮಾಡಿದ್ಯಂತೆ. ನಂಗೊಬ್ಬನಿಗೆ ಹೇಳು. ಯಾರು ಬರೆದದ್ದು?”

ಕಾರ್ಯದರ್ಶಿಗಳು ಬಾಗಿಲ ಸಂದಿಯಿಂದ ಹೊರಕ್ಕೆ ನೋಡಿದರು. ಅಕ್ಕ ಚಪ್ಪಲಿ ಕಳಚಿ ಕಾಲು ಮೇಲಿಟ್ಟುಕೊಂಡು ಕೂತಿದ್ದರು. ಅವರ ಹೆಂಡತಿ ಏನೋ ಹೇಳುತ್ತಿದ್ದರು. ಒಂದೇ ಮಾತಲ್ಲ, ತುಂಬ ಮಾತು, ಕೈ ಆಡಿಸಿಕೊಂಡು. ಇಬ್ಬರೂ ನಗುತ್ತಿದ್ದರು. ಆಕೆ ಬಾಯಿ ಬಿಟ್ಟು ಅಷ್ಟು ನಗುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಸುದ್ದಿಯೊಂದು ಎದೆಯಿಂದ ಗಂಟಲಿಗೆ, ಗಂಟಲಿನಿಂದ ನಾಲಿಗೆಗೆ ಏರಿಬಂದು, ಹೊರಬೀಳಲು ಹಟಮಾಡುತ್ತ ನಿಂತಿತು.

ಅವರು ಅದನ್ನು ನುಂಗಿಕೊಂಡರು.

“ಗೊತ್ತಾಗ್ಲಿಲ್ಲ ಭಾವ,” ಎಂದರು. “ಆ ಪಾತ್ರೆ ಈ ಕಡೆ ಕೊಡಿ.”